ಮಗ್ಗದ ಮನೆಯ ಗಂಟಲು

ಹಗೆ ಇಟ್ಟುಕೊಳ್ಳುವುದರಲ್ಲಿ ನಮ್ಮ ಅಜ್ಜಿ ಎತ್ತಿದ ಕೈ. ಯಾವುದೋ ಮದುವೆಯಲ್ಲಿ ತನಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿಸಿದಳೆಂದು ತನ್ನ ಓರಗಿತ್ತಿಯ ಜೊತೆ ಸಾಯುವವರೆಗೂ ಮಾತು ಬಿಟ್ಟಿದ್ದಳು. ಒಂದೇ ಬೀದಿ, ಎದುರುಬದುರು ಮನೆ. ಚಿಕ್ಕವಳಿದ್ದಾಗ ನನಗದು ನಗು ತರಿಸುತ್ತಿತ್ತು. ಆಮೇಲೆ ಫಿಸಿಕ್ಸ್ ಸರ್ ಸಿಕ್ಕರು, ಅಜ್ಜಿ ಅರ್ಥವಾದಳು.

ಇಲ್ಲಿ 'ಅವರು', 'ಸರ್' ಎಂದೆಲ್ಲ ಬರೆಯುತ್ತಿರುವುದು ಅಮ್ಮ ಕಲಿಸಿದ ಮರ್ಯಾದೆಗೆ. ಮನಸ್ಸಿನಲ್ಲಿ ನಾನು ಅವರನ್ನು ಹಾಗೆ ಕರೆಯುವುದಿಲ್ಲ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ನಾವು, ಹಿಂದಿನ ದೊಡ್ಡ ಕೋಣೆಯಲ್ಲಿ ಪವರ್‌ಲೂಮ್‌ಗಳು. ಅಪ್ಪ, ಅಮ್ಮ ಇಬ್ಬರೂ ನೇಯುತ್ತಾರೆ. ಬೆಳಗ್ಗೆ ಮಗ್ಗ ಶುರುವಾದರೆ ಮನೆ ಮಾತ್ರವಲ್ಲ, ಇಡೀ ಬೀದಿಯೇ ಖಟಖಟ ಎನ್ನುತ್ತದೆ. ಅದರ ಮೇಲೆ ಮಾತು ಕೇಳಿಸಬೇಕೆಂದರೆ ಕಿರುಚಬೇಕು. ಹಾಗಾಗಿ ನಮ್ಮ ಬೀದಿಯವರಿಗೆಲ್ಲ ಗಂಟಲು ದೊಡ್ಡದು. ಕರೆಂಟು ಹೋದಾಗ ನೋಡಬೇಕು, ಬೀದಿಗೆ ಬೀದಿಯೇ ಥಟ್ಟನೆ ಸುಮ್ಮನಾಗಿರುತ್ತದೆ, ಯಾವುದೋ ಮನೆಯೊಳಗಿನ ಗುಟ್ಟಿನ ಮಾತೊಂದು ಮಾತ್ರ ಊರಿಗೆಲ್ಲ ಕೇಳುತ್ತಿರುತ್ತದೆ.

ಕಿರುಚಿ ಕಿರುಚಿ ಸಾಕಾದವರು ಇನ್ನೊಂದು ವಿದ್ಯೆಯನ್ನೂ ಕಲಿತಿರುತ್ತಾರೆ. ತುಟಿ ನೋಡಿಯೇ ಮಾತು ತಿಳಿದುಕೊಳ್ಳುವುದು. ಅಮ್ಮ ಆ ಕಡೆಯ ಮಗ್ಗದಿಂದ ಸದ್ದಿಲ್ಲದೆ ತುಟಿ ಆಡಿಸಿ 'ಅನ್ನಕ್ಕಿಡು' ಎಂದರೆ ನಾನು ಬಾಗಿಲಲ್ಲೇ ನಿಂತು 'ಇಟ್ಟಾಯ್ತು' ಎನ್ನುತ್ತೇನೆ. ಇದನ್ನು ಯಾರೂ ನನಗೆ ಕೂರಿಸಿಕೊಂಡು ಕಲಿಸಲಿಲ್ಲ. ನಡೆಯುವುದು ಕಲಿತ ಹಾಗೆ ಬಂದಿತ್ತು.

ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂತು. ದೇವನಹಳ್ಳಿ ರಸ್ತೆಯಲ್ಲಿ ಒಂದು ಖಾಸಗಿ ಪಿಯು ಕಾಲೇಜಿದೆ. ಅಲ್ಲಿ 'ಇಂಟಿಗ್ರೇಟೆಡ್ ಬ್ಯಾಚ್' ಎಂದು ಒಂದು ಬೇರೆಯೇ ತರಗತಿ, ಎಲ್ಲರ ಬಾಯಲ್ಲೂ ಅದು 'ಮೊದಲ ಬ್ಯಾಚ್'. ಬೆಳಗಾಗುವುದರೊಳಗೆ ಹೋದರೆ ಕತ್ತಲಾದ ಮೇಲೆ ಬಿಡುತ್ತಾರೆ. ಪಿಯು ಪಾಠವೂ ಅಲ್ಲೇ, ಸಿಇಟಿ ಕೋಚಿಂಗೂ ಅಲ್ಲೇ. ಅವರ ಆಯ್ಕೆ ಪರೀಕ್ಷೆಯಲ್ಲಿ ಕಟ್ಟಕಡೆಯವಳಾಗಿ ನಾನು ಒಳಗೆ ಬಿದ್ದೆ. ದಸರೆಗೆ ಮುಂಚೆ ಒಂದು ಪರೀಕ್ಷೆ ನಡೆಯುತ್ತದೆ, ಅದರಲ್ಲಿ ಕೆಳಗಿದ್ದವರನ್ನು ಹಿಂದಿನ ಬ್ಲಾಕಿಗೆ ಕಳಿಸುತ್ತೇವೆ ಎಂದು ಸೇರುವಾಗಲೇ ಹೇಳಿದ್ದರು. ಹಿಂದಿನ ಬ್ಲಾಕ್ ಎಂದರೆ ಕ್ಯಾಂಟೀನಿನ ಮೇಲೆ ಶೀಟು ಹಾಕಿದ ಕೋಣೆಗಳು. ಅಲ್ಲಿ ಬರೀ ಪಿಯು ಪಾಠ, ಮಧ್ಯಾಹ್ನಕ್ಕೇ ಮನೆಗೆ. ನಮ್ಮ ಸೋದರಮಾವ ಆಗಲೇ ಹಲ್ಲುಕಿರಿದು ಹೇಳಿದ್ದ, "ಅದಕ್ಕೆ ಅಷ್ಟ್ ದೂರ ಯಾಕೆ ಹೋಗ್ಬೇಕು, ಮನೆ ಪಕ್ಕದ ಗೌರ್ಮೆಂಟ್ ಕಾಲೇಜ್ ಇಲ್ವಾ? ಓದ್ಕೊಂಡು ಹಂಗೇ ನಿಮ್ಮಮ್ಮಂಗೆ ಕಂಡಿಕೆ ಸುತ್ಕೊಡ್ಬೋದು." ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಅದನ್ನು ಸುತ್ತುವುದಕ್ಕೆ ನನಗೆ ನಾಚಿಕೆ ಇರಲಿಲ್ಲ. ಆದರೆ ಆ ಮೊದಲ ಬ್ಯಾಚಿನಲ್ಲಿ ಉಳಿಯಬೇಕು ಎಂಬುದು ಮಾತ್ರ ನನಗೆ ಹಸಿವಿನ ಹಾಗೆ ಅಂಟಿಕೊಂಡಿತ್ತು.

ಮೊದಲ ದಿನ ಎಲ್ಲರೂ ಎದ್ದು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಬೇಕು ಎಂದು ಮೊದಲೇ ತಿಳಿದಿತ್ತು. ಹೆದರಿಕೆಗೆ ನನಗೆ ವಾರದಿಂದ ಅನ್ನ ಸೇರುತ್ತಿರಲಿಲ್ಲ. ಬರೆದುಕೊಂಡು, ಬಾಯಿಪಾಠ ಮಾಡಿ, ಅಮ್ಮನ ಮಗ್ಗದ ಪಕ್ಕ ನಿಂತು ಒಪ್ಪಿಸುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆಕೆ ನೋಡುತ್ತಿದ್ದದ್ದು ಒಂದೇ. "ಕೇಳಿಸ್ತಿಲ್ಲ ಕಣೇ, ಇನ್ನೂ ಜೋರಾಗಿ," ಎನ್ನುತ್ತಿದ್ದಳು. ನಾನು ಏರಿಸುತ್ತಿದ್ದೆ. "ಹಾಂ, ಈಗ ಸರಿ," ಎಂದಳು ಕೊನೆಗೆ. ಮಗ್ಗದ ಸದ್ದಿಗೆ ಸರಿ ಎಂದದ್ದನ್ನು ನಾನು ಹಾಗೇ ಕಟ್ಟಿಕೊಂಡು ಕಾಲೇಜಿಗೆ ಒಯ್ದೆ.

ಏಸಿ ಕ್ಲಾಸ್‌ರೂಮು. ಸೂಜಿ ಬಿದ್ದರೂ ಕೇಳುವಂತಿತ್ತು. ನನಗಿಂತ ಮುಂಚಿನ ಹುಡುಗಿ ಯಲಹಂಕದ ಕಡೆಯವಳು, ಬೆಕ್ಕಿನ ಹಾಗೆ ಮೆಲ್ಲಗೆ ಏನೋ ಹೇಳಿ ಕೂತಳು. ನಾನು ಎದ್ದು ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲ ವಾಕ್ಯಕ್ಕೇ ಕ್ಲಾಸು ಬೆಚ್ಚಿತು. ಯಾರದ್ದೋ ಪೆನ್ನು ಕೆಳಗೆ ಬಿತ್ತು. ಆಮೇಲೆ ನಗು. ನಿಲ್ಲಿಸಿದರೆ ಮರೆತುಹೋಗುತ್ತದೆ ಎಂಬ ಹೆದರಿಕೆಗೆ ನಾನು ಅದೇ ಗಂಟಲಲ್ಲಿ ಕೊನೆಯವರೆಗೂ ಹೇಳಿಯೇ ಕೂತೆ.

ಎದುರಿಗೆ ನಿಂತಿದ್ದವರು ಫಿಸಿಕ್ಸ್ ಸರ್, ಬ್ಯಾಚಿನ ಉಸ್ತುವಾರಿಯೂ ಅವರದೇ. ಆ ನಗುವನ್ನು ಅವರು ಒಂದೇ ಮಾತಿನಲ್ಲಿ ನಿಲ್ಲಿಸಬಹುದಿತ್ತು. ಅವರು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. "ಏನಮ್ಮ, ನಿಮ್ಮೂರಿಂದ ಇಲ್ಲೀವರ್ಗೂ ಕೇಳಿಸ್ಬೇಕು ಅಂತ ಮಾತಾಡ್ತೀಯಾ? ಲೌಡ್‌ಸ್ಪೀಕರ್ ಬಂತಲ್ಲಪ್ಪಾ ನಮ್ ಕ್ಲಾಸಿಗೆ," ಎಂದರು. ಅವತ್ತಿನಿಂದ ನನಗೆ ಅದೇ ಹೆಸರು.

ಒಂದು ದಿನದ ತಮಾಷೆಯಾಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆನೇನೋ. ಆದರೆ ಆ ಕಾಲೇಜಿನಲ್ಲಿ ಸಂಜೆ 'ಡೌಟ್ ಅವರ್' ಎಂದಿತ್ತು. ಅರ್ಥವಾಗದ್ದನ್ನು ಎದ್ದು ಕೇಳಬೇಕು. ಕೇಳದವರು ಆ ಬ್ಯಾಚಿನಲ್ಲಿ ಮುಳುಗಿದರೆಂದೇ ಲೆಕ್ಕ, ಪಾಠ ಅಷ್ಟು ವೇಗ. ನಾನು ಎದ್ದರೆ ಸಾಕು, ಸರ್ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅವರನ್ನು ನೋಡಿ ಇಡೀ ಕ್ಲಾಸು. ಮೆಲ್ಲಗೆ ಕೇಳಲು ಹೋದರೆ ನನಗೆ ಧ್ವನಿಯೇ ಬರುತ್ತಿರಲಿಲ್ಲ, ಗಾಳಿ ಮಾತ್ರ ಬರುತ್ತಿತ್ತು. ಅದಕ್ಕೂ ನಕ್ಕರು. ನಾನು ಕೇಳುವುದನ್ನೇ ಬಿಟ್ಟೆ. ಮನೆಗೆ ಹೋಗಿ "ಚೆನ್ನಾಗಿದೆ ಅಮ್ಮ" ಎನ್ನುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಅವರಿಗೆ ಏನೇನು ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆನೋ ಅದನ್ನು ಬರೆದರೆ ಈ ಕಾಗದ ಹೊತ್ತಿಕೊಂಡೀತು. ಘಾಟಿ ಸುಬ್ರಹ್ಮಣ್ಯನಿಗೂ ಹೇಳಿಕೊಂಡಿದ್ದೆ. ಓದು ಬರಲಿ ಎಂದಲ್ಲ, ಆತನ ಗಂಟಲು ಕಟ್ಟಿಹೋಗಲಿ ಎಂದು.

ಸ್ಟಾಫ್ ರೂಮಿಗೆ ಕಾರಿಡಾರಿನ ಕಡೆ ಪೂರ್ತಿ ಗಾಜಿನ ಗೋಡೆ. ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಒಂದು ಮಧ್ಯಾಹ್ನ ರೆಕಾರ್ಡ್ ಪುಸ್ತಕ ಕೊಡಲೆಂದು ಅಲ್ಲಿ ಕಾಯುತ್ತಿದ್ದೆ. ಒಳಗೆ ಫಿಸಿಕ್ಸ್ ಸರ್ ನನ್ನ ಕಡೆ ಮುಖ ಮಾಡಿ ಕೂತು ಮ್ಯಾಥ್ಸ್ ಸರ್ ಜೊತೆ ಮಾತಾಡುತ್ತಿದ್ದರು. ನಾನು ಬೇಕೆಂದು ನೋಡಲಿಲ್ಲ. ಆದರೆ ಅವರ ತುಟಿಯಲ್ಲಿ 'ಲೌಡ್‌ಸ್ಪೀಕರ್' ಎಂಬುದು ಎದ್ದು ಕಂಡಿತು. ಆಮೇಲೆ ನೋಡದೆ ಇರಲು ಸಾಧ್ಯವೇ? ಪಾಠ ಇಂಗ್ಲಿಷಿನಲ್ಲಿ ಮಾಡುತ್ತಿದ್ದ ಮನುಷ್ಯ ಪಿತೂರಿಯನ್ನು ಮಾತ್ರ ಅಚ್ಚ ಕನ್ನಡದಲ್ಲೇ ಮಾಡುತ್ತಿದ್ದರು. ಅದೊಂದು ನನ್ನ ಪುಣ್ಯ.

"ಅವಳಿದ್ರೆ ಬ್ಯಾಚ್ ರಿಸಲ್ಟೇ ಕೆಡುತ್ತೆ," ಎಂದರು. "ಪರೀಕ್ಷೆವರ್ಗೂ ಯಾಕೆ ಕಾಯೋದು? ಮನೆಯೋರನ್ನ ಕರ್ಸೋದು, ಹುಡುಗೀನೇ ಆಗ್ತಿಲ್ಲ, ಹಿಂದಿನ ಬ್ಲಾಕಿಗೆ ಹಾಕಿ ಅಂತ ಕೇಳ್ಕೊಂಡ್ಲು ಅನ್ನೋದು. ಮಗ್ಗದೋರು, ಸೈನ್ ಹಾಕ್ತಾರೆ, ಹೋಗ್ತಾರೆ."

ಮ್ಯಾಥ್ಸ್ ಸರ್ ಏನೋ ಹೇಳಿದರು, ಅವರ ಬೆನ್ನು ನನ್ನ ಕಡೆಗಿತ್ತು. ಫಿಸಿಕ್ಸ್ ಸರ್ ನಕ್ಕರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದು ಅವರ ಲೆಕ್ಕ. ನಾನು ಒಳಗೆ ಹೋಗಿ ರೆಕಾರ್ಡ್ ಇಟ್ಟು, "ಥ್ಯಾಂಕ್ಯೂ ಸರ್" ಎಂದು ಬಂದೆ. ಅಷ್ಟು ದಿನ ಆ ಕಾರಿಡಾರಿನಲ್ಲಿ ಹೆದರಿ ನಡೆಯುತ್ತಿದ್ದವಳು ಅವತ್ತು ಸಿಟ್ಟಿನಲ್ಲಿ ನಡೆದೆ, ಅಷ್ಟೇ ವ್ಯತ್ಯಾಸ.

ಮನೆಯಲ್ಲಿ ಹೇಳಲಿಲ್ಲ. ಎಲ್ಲ ಚೆನ್ನಾಗಿದೆ ಎಂದು ಅಷ್ಟು ದಿನ ಹೇಳಿದವಳು ಈಗ ಏನೆಂದು ಹೇಳಲಿ? ತುಟಿ ತಪ್ಪಾಗಿ ಓದಿದೆನೇನೋ ಎಂಬ ಆಸೆಯೂ ಇತ್ತು. ಎರಡು ದಿನ ಕಳೆದ ಮೇಲೆ ಅಪ್ಪನಿಗೆ ಕಾಲೇಜಿನಿಂದ ಫೋನು ಬಂತು, ಬಂದು ಕಾಣಿ ಎಂದು. ಅಪ್ಪ ಸೀರೆ ಕೊಡಲು ಬೆಂಗಳೂರಿಗೆ ಹೋಗಿದ್ದರಿಂದ ಅಮ್ಮ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಮಗಳನ್ನು ಹೊಗಳಲು ಕರೆದಿರಬೇಕು ಎಂದುಕೊಂಡಿದ್ದಳಂತೆ. ಆ ಸೀರೆಯನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಸರ್ ಅಮ್ಮನನ್ನು ಸ್ಟಾಫ್ ರೂಮಿನ ಒಳಗೆ ಕೂರಿಸಿ, ನನ್ನನ್ನು ಹೊರಗೆ ನಿಲ್ಲಲು ಹೇಳಿ ಬಾಗಿಲು ಹಾಕಿಕೊಂಡರು. ಈ ಸಲ ಅವರ ಬೆನ್ನು ನನ್ನ ಕಡೆಗೆ, ಅಮ್ಮನ ಮುಖ ನನ್ನ ಕಡೆಗೆ. ಅವರು ಮಾತಾಡುತ್ತಾ ಹೋದಂತೆ ಅಮ್ಮನ ಮುಖ ಸಣ್ಣಗಾಯಿತು. ಒಂದು ಕಾಗದ ಮುಂದೆ ತಳ್ಳಿದರು. ಅಮ್ಮ ಪೆನ್ನು ತೆಗೆದುಕೊಂಡಳು. ಆಗ ಆಕೆ ತಲೆ ಎತ್ತಿ, ಸರ್ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಸದ್ದಿಲ್ಲದೆ ತುಟಿ ಆಡಿಸಿದಳು.

'ನೀನೇ ಕೇಳ್ಕೊಂಡ್ಯಾ?'

'ಇಲ್ಲ,' ಎಂದೆ ಗಾಜಿನ ಈ ಕಡೆಯಿಂದ. 'ಸುಳ್ಳು. ನಾನೇನೂ ಕೇಳ್ಕೊಂಡಿಲ್ಲ.'

ಅಮ್ಮ ಪೆನ್ನು ಮುಚ್ಚಿಟ್ಟಳು. ಆಮೇಲೆ ಬಾಯಿ ತೆರೆದಳು. ಗಾಜಿನ ಗೋಡೆ ಮಾತು ತಡೆಯುತ್ತದೆ ಎಂದೆನಲ್ಲ, ಅದು ಮಾಮೂಲಿ ಮನುಷ್ಯರ ಮಾತನ್ನು. ನಮ್ಮಮ್ಮನ ಗಂಟಲನ್ನು ತಡೆಯುವ ಗಾಜು ಇನ್ನೂ ತಯಾರಾಗಿಲ್ಲ.

"ನನ್ ಮಗಳು ಕೇಳ್ಕೊಂಡೇ ಇಲ್ವಂತಲ್ಲ ಸಾರ್! ಸುಳ್ಳಂತೆ!"

ಸರ್ ಕುರ್ಚಿಯಲ್ಲೇ ಹಾರಿದರು. ಕಾರಿಡಾರಿನಲ್ಲಿ ಹೋಗುತ್ತಿದ್ದವರೆಲ್ಲ ನಿಂತರು. ಅವರು ಏನೋ ಕೇಳಿದ್ದಕ್ಕೆ ಅಮ್ಮ, "ಯಾರ್ ಹೇಳಿದ್ರು ಅಂದ್ರೆ? ಅವಳೇ! ಈಗ ನಿಮ್ ಹಿಂದೇನೇ ನಿಂತ್ಕಂಡು ಹೇಳಿದ್ಲು! ಮಕ್ಕಳ ಹೆಸರಲ್ಲಿ ಸುಳ್ಳು ಹೇಳ್ತೀರಲ್ಲ, ಮೇಷ್ಟ್ರಾಗಿ ನಾಚ್ಕೆ ಆಗಲ್ವಾ?" ಎಂದಳು. ಸರ್ ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಹೆದರಿಕೆ ಇತ್ತು. ಯಾವ ದೇವರ ಪ್ರಸಾದವೂ ನನಗೆ ಅಷ್ಟು ರುಚಿಸಿದ್ದಿಲ್ಲ.

ಪ್ರಿನ್ಸಿಪಾಲರು ಬಂದು ಸಮಾಧಾನ ಮಾಡಿದರು. ಪರೀಕ್ಷೆ ಆಗುವವರೆಗೂ ಯಾರನ್ನೂ ಕಳಿಸುವುದಿಲ್ಲ ಎಂದರು. ಸರ್ ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ಪರೀಕ್ಷೆ ಬರುತ್ತಲ್ಲ, ಆಗ ನಿಮ್ಮಮ್ಮನ ಬಾಯಿ ಉಪಯೋಗಕ್ಕೆ ಬರಲ್ಲ," ಎಂದರು. ಆ ಮಾತು ನಿಜವಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಕೇಳದೆ ಬಿಟ್ಟ ಡೌಟುಗಳು ಅಷ್ಟು ಹೊತ್ತಿಗೆ ಗುಡ್ಡೆ ಬಿದ್ದಿದ್ದವು.

ಅವರ ಹತ್ತಿರ ಕೇಳುವುದಕ್ಕಿಂತ ಫೇಲಾಗುವುದೇ ಮೇಲು ಎಂದುಕೊಂಡೆ. ಹಿಂದಿನ ಬ್ಲಾಕಿಗೆ ಫಿಸಿಕ್ಸ್ ತೆಗೆದುಕೊಳ್ಳುತ್ತಿದ್ದದ್ದು ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಮೇಡಂ. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೆಟ್ಟಿಲು ಹತ್ತಿ ಅವರ ಹತ್ತಿರ ಹೋದೆ. ಮೊದಲ ಬ್ಯಾಚಿನವರು ಆ ಮೆಟ್ಟಿಲು ಹತ್ತುವುದೆಂದರೆ ಮಾನ ಕಳೆದುಕೊಂಡ ಹಾಗೆ. ಹತ್ತಿದೆ. ಮೇಡಂ ಕ್ಲಾಸಿನಲ್ಲೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅವರ ವಿದ್ಯಾರ್ಥಿಗಳೂ ಅಲ್ಲೇ ಉಣ್ಣುತ್ತಿದ್ದರು. ನಾನು ಗಾಳಿಯಂಥ ಧ್ವನಿಯಲ್ಲಿ ಕೇಳಿದೆ.

"ಏನೂ ಕೇಳಿಸ್ಲಿಲ್ಲ," ಎಂದರು.

"ಜೋರಾಗ್ ಕೇಳಿದ್ರೆ ತುಂಬಾ ಜೋರಾಗ್ಬಿಡುತ್ತೆ ಮೇಡಂ."

"ಆಗ್ಲಿ ಬಿಡು. ಹಿಂದಿನ ಬೆಂಚಿನೋರಿಗೂ ಕೇಳ್ಸುತ್ತೆ. ಅವ್ರಿಗೂ ಅದೇ ಡೌಟಿರುತ್ತೆ, ಬಾಯಿ ಬಿಡಲ್ಲ ಅಷ್ಟೇ."

ಶೀಟಿನ ಮೇಲೆ ಕಾಗೆಗಳು ಓಡಾಡುತ್ತಿದ್ದವು, ಕೆಳಗೆ ಕ್ಯಾಂಟೀನಿನ ಪಾತ್ರೆಗಳು ಬಡಿದಾಡುತ್ತಿದ್ದವು, ಹೊತ್ತಿಗೊಂದು ವಿಮಾನ ತಲೆ ಮೇಲೆಯೇ ಇಳಿಯುತ್ತಿತ್ತು. ನನಗೆ ಮನೆಗೆ ಬಂದ ಹಾಗಾಯಿತು. ಗಂಟಲು ಬಿಟ್ಟು ಕೇಳಿದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಚಿತ್ರಾನ್ನ ನುಂಗುತ್ತಾ, "ಹೂಂ ಮೇಡಂ, ನಂಗೂ ಅದೇ," ಎಂದ. ಅಲ್ಲಿಂದ ದಿನಾ ಹೋದೆ. ಮನೆಯಲ್ಲಿ ಮಗ್ಗಗಳ ಮಧ್ಯೆ ಕೂತು ಲೆಕ್ಕ ಬಿಡಿಸುತ್ತಿದ್ದೆ, ಆ ಸದ್ದಿನಲ್ಲಿ ನನಗೆ ನಿದ್ದೆಯೂ ಬರುತ್ತದೆ, ಓದೂ ಹತ್ತುತ್ತದೆ. ಜ್ಞಾನದ ಹಂಬಲ ಗಿಂಬಲ ಏನೂ ಇರಲಿಲ್ಲ. ಒಂದೊಂದು ಲೆಕ್ಕ ಸರಿಬಂದಾಗಲೂ ಕಣ್ಣ ಮುಂದೆ ಆ ಮುಖವೇ ಬರುತ್ತಿತ್ತು, ಬಾಯಿಗೆ ಬಂದದ್ದು ಬೈದು ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ.

ಪರೀಕ್ಷೆಯಾಯಿತು. ನಾನು ಉಳಿದೆ. ಬರೀ ಉಳಿಯಲಿಲ್ಲ, ಫಿಸಿಕ್ಸಿನಲ್ಲಿ ಇಡೀ ಬ್ಯಾಚಿಗೆ ಎರಡನೆಯವಳಾದೆ. ಮಾರನೆಯ ದಿನ ಸರ್ ಕ್ಲಾಸಿಗೆ ಬಂದವರೇ, "ನೋಡಿ, ನಮ್ ಲೌಡ್‌ಸ್ಪೀಕರ್! ಬಾಮ್ಮ, ಮುಂದಿನ್ ಬೆಂಚಿಗೆ ಬಾ," ಎಂದು ಕೈ ತಟ್ಟಿದರು. ಎಲ್ಲರೂ ತಟ್ಟಿದರು. ಮುಖದಲ್ಲಿ ಒಂದಿಷ್ಟು ನಾಚಿಕೆ ಇರಬೇಡವೇ? ನನ್ನನ್ನು ಹೊರಗೆ ತಳ್ಳಲು ಕಾಗದ ಬರೆಸಿಟ್ಟಿದ್ದ ಮನುಷ್ಯ ಈಗ ನನ್ನ ಬೆನ್ನು ತಟ್ಟಿ ನಮ್ಮವಳು ಎನ್ನುತ್ತಿದ್ದಾರೆ. ಅಷ್ಟು ದಿನದ ನಗುವಿಗಿಂತ ಆ ಚಪ್ಪಾಳೆ ನನಗೆ ಹೆಚ್ಚು ಮೈ ಉರಿಸಿತು.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಫಲಿತಾಂಶ ಬಂದಾಗ ಬಸ್ ಸ್ಟ್ಯಾಂಡ್ ಹತ್ತಿರ ದೊಡ್ಡ ಫ್ಲೆಕ್ಸ್ ಕಟ್ಟುತ್ತಾರೆ. ಹೆಚ್ಚು ಅಂಕ ತೆಗೆದ ಮಕ್ಕಳ ಚಿತ್ರ, ಪಕ್ಕದಲ್ಲಿ ಪಾಠ ಹೇಳಿದ ಲೆಕ್ಚರರ ಚಿತ್ರ. ಯಾರ ಬ್ಯಾಚಿನ ಮಕ್ಕಳೋ ಅವರ ಹೆಸರಿಗೆ ಅಂಕ. ಲೆಕ್ಚರರ ಬೆಲೆ ಕಟ್ಟುವುದೇ ಆ ಫ್ಲೆಕ್ಸಿನಲ್ಲಿ. ಮುಂದಿನ ಬೆಂಚಿನಲ್ಲಿ ಕೂತು ಅವರ ನಗುವನ್ನು ನೋಡುತ್ತಿದ್ದಾಗ ನನಗೆ ಹೊಳೆಯಿತು. ನನ್ನ ಅಂಕ ನನ್ನದು. ಅದನ್ನು ಇವರಿಗೆ ಯಾಕೆ ಕೊಡಲಿ?

ಪ್ರಿನ್ಸಿಪಾಲರ ಹತ್ತಿರ ಹೋಗಿ ನನ್ನನ್ನು ಹಿಂದಿನ ಬ್ಲಾಕಿಗೆ ಹಾಕಿ ಎಂದು ಕೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ, ಫಿಸಿಕ್ಸ್ ಸರ್ ಅವರನ್ನು ಕರೆಸಿದರು. ಸರ್ ಧ್ವನಿ ಬೆಣ್ಣೆಯಾಗಿತ್ತು.

"ದುಡುಕ್ಬೇಡಮ್ಮ. ಅಲ್ಲಿ ಏನಿದೆ? ಇಲ್ಲಿದ್ರೆ ಎಲ್ಲೋ ಹೋಗ್ತೀಯ ನೀನು."

"ಆವತ್ತು ನಾನು ಕೇಳ್ಕೊಂಡೆ ಅಂದಿದ್ರಲ್ಲ ಸರ್," ಎಂದೆ. "ಈಗ ಕೇಳ್ಕೊಳ್ತಿದೀನಿ."

ಮನೆಗೆ ಬಂದು ಹೇಳಿದರೆ ಅಮ್ಮ ಮಗ್ಗ ನಿಲ್ಲಿಸಿದಳು. ನೂಲು ಕಡಿಯದೆ, ಕರೆಂಟು ಹೋಗದೆ ಆಕೆ ಮಗ್ಗ ನಿಲ್ಲಿಸಿದ್ದನ್ನು ನಾನು ನೋಡಿರಲೇ ಇಲ್ಲ. "ಗೆದ್ದಿರೋ ಜಾಗ ಬಿಟ್ಟು ಬಂದ್ಯಾ? ನಾನು ಅಲ್ಲಿ ಅಷ್ಟು ಜನದ ಮುಂದೆ ಬಾಯಿ ಮಾಡ್ಕಂಡಿದ್ದು ಇದಕ್ಕಾ? ಸಿಟ್ನಲ್ಲಿ ಕುಯ್ಕಂಡ್ ಮೂಗು ಆಮೇಲೆ ಬರುತ್ತೇನೇ?" ಎಂದಳು. ಅಮ್ಮ ವಾರವಿಡೀ ನನ್ನ ಜೊತೆ ಮಾತಾಡಲಿಲ್ಲ, ತುಟಿಯಲ್ಲಿಯೂ. ಆಕೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಮೊದಲ ಬ್ಯಾಚಿನ ಮ್ಯಾಥ್ಸ್ ಪಾಠ ಕೈಬಿಟ್ಟಿತು, ಕೋಚಿಂಗ್ ಹೋಯಿತು. ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕು ನನ್ನ ಜೊತೆಯಲ್ಲಿದ್ದ ಆ ಬೆಕ್ಕಿನ ಧ್ವನಿಯ ಹುಡುಗಿಗಿಂತ ಬಹಳ ಹಿಂದೆ. ಅವಳಿಗೆ ಸಿಕ್ಕ ಕಾಲೇಜು ನನಗೆ ಸಿಗಲಿಲ್ಲ.

ಆದರೆ ಎರಡನೇ ಪಿಯುನಲ್ಲಿ ಫಿಸಿಕ್ಸಿಗೆ ಕಾಲೇಜಿಗೇ ಹೆಚ್ಚು ಅಂಕ ನನ್ನದು. ಫ್ಲೆಕ್ಸಿನಲ್ಲಿ ನನ್ನ ಪಕ್ಕ ಮೇಡಂ ಚಿತ್ರ. ನಾನು ದಿನಕ್ಕೆರಡು ಸಲ ಕೆಲಸವಿಲ್ಲದೆ ಬಸ್ ಸ್ಟ್ಯಾಂಡಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಆ ಜೂನ್‌ನಲ್ಲಿ ಹೊಸದಾಗಿ ಸೇರುವ ಮಕ್ಕಳ ಸಭೆಗೆ ನಮ್ಮನ್ನೆಲ್ಲ ಕರೆದರು. ಹಾಲ್ ತುಂಬಾ ಅಪ್ಪ ಅಮ್ಮಂದಿರು, ಹೊಸ ಬ್ಯಾಗು ತಬ್ಬಿಕೊಂಡು ಹೆದರಿ ಕೂತ ಮಕ್ಕಳು. ಅಮ್ಮನೂ ಬಂದಿದ್ದಳು. ಫಿಸಿಕ್ಸ್ ಸರ್ ಮಾತಾಡಲು ಎದ್ದರು. ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು ಹೇಳಿದರು.

"ಈ ಹುಡುಗಿ ಹಳ್ಳಿ ಕಡೆಯಿಂದ ಬಂದಾಗ ಏನೂ ಬರ್ತಿರ್ಲಿಲ್ಲ. ನಾನು ಬೇಕಂತ್ಲೇ ಕೆಣಕಿದೆ. ಬೇಕಂತ್ಲೇ ಹಿಂದಿನ ಬ್ಲಾಕಿಗೆ ಕಳಿಸ್ದೆ, ಛಲ ಬರ್ಲಿ ಅಂತ. ಬಂತು ನೋಡಿ! ಇವತ್ತು ಅವಳು ಏನಾಗಿದಾಳೋ ಅದು ಆ ಪೆಟ್ಟಿನಿಂದ. ನಿಮ್ ಮಕ್ಕಳ ಮೇಲೆ ನಾವು ಕಠಿಣವಾಗಿದ್ರೆ ಅದು ಪ್ರೀತಿ ಅಂತ ತಿಳ್ಕೊಳ್ಳಿ."

ಚಪ್ಪಾಳೆ ಬಿತ್ತು. ಅಂದರೆ ನಾನು ಮೂಗು ಕೊಯ್ದುಕೊಂಡು ಕಿತ್ತುಕೊಂಡದ್ದನ್ನೂ ಈತ ಒಂದು ಭಾಷಣದಲ್ಲಿ ವಾಪಸು ತೆಗೆದುಕೊಂಡಿದ್ದ. ನನ್ನ ಸಿಟ್ಟನ್ನೂ ತಾನೇ ಕೊಟ್ಟ ಔಷಧಿ ಮಾಡಿಬಿಟ್ಟಿದ್ದ.

ಹೆಗಲ ಮೇಲಿನ ಕೈಯನ್ನು ತೆಗೆದು ಕೆಳಗೆ ಬಿಟ್ಟೆ. "ಇವರು ನನ್ನ ಕಳಿಸ್ಲಿಲ್ಲ," ಎಂದೆ. "ನಾನೇ ಇವರನ್ನ ಬಿಟ್ಟು ಹೋದೆ. ಇವರ ಕ್ಲಾಸಲ್ಲಿ ಇದ್ದಷ್ಟು ದಿನ ನಾನು ಏನೂ ಕಲೀಲಿಲ್ಲ, ಅಳ್ತಿದ್ದೆ ಅಷ್ಟೇ. ಫಿಸಿಕ್ಸ್ ಹೇಳ್ಕೊಟ್ಟಿದ್ದು ಅಗೋ, ಆ ಮೂಲೇಲಿ ಕೂತಿದಾರಲ್ಲ, ಆ ಮೇಡಂ. ಅವರು ಒಂದ್ ದಿನಾನೂ ನನ್ನ ಕೆಣಕ್ಲಿಲ್ಲ."

ಸರ್ ಏನೋ ತಮಾಷೆ ಮಾಡಲು ನೋಡಿದರು, ಯಾರೂ ನಗಲಿಲ್ಲ. ಸಭೆ ಮುಗಿದ ಮೇಲೆ ಅಪ್ಪ ಅಮ್ಮಂದಿರು ಮೇಡಂ ಸುತ್ತ ಮುತ್ತಿಕೊಂಡರು, ನಮ್ಮ ಮಗೂನ ನಿಮ್ ಕ್ಲಾಸಿಗೇ ಹಾಕ್ಬೋದಾ ಎಂದು. ಸರ್ ವೇದಿಕೆಯ ಪಕ್ಕ ಒಬ್ಬರೇ ನಿಂತು ಫೋನು ಒತ್ತುತ್ತಿದ್ದರು. ನನಗೆ ಒಂದಿಷ್ಟೂ ಪಾಪ ಎನಿಸಲಿಲ್ಲ.

ಬಸ್ಸಿನಲ್ಲಿ ಅಮ್ಮ ಕೇಳಿದಳು, "ಈಗ ಸಮಾಧಾನ ಆಯ್ತೇನೇ?"

"ಇಲ್ಲ," ಎಂದೆ.

ಆಗಿರಲಿಲ್ಲ. ಇವತ್ತಿಗೂ ಆಗಿಲ್ಲ. ಈಗ ಓದುತ್ತಿರುವ ಕಾಲೇಜಿನಲ್ಲಿ ಮಾತಾಡಲು ಎದ್ದರೆ ಮತ್ತೆ ಆ ಗಾಳಿಯಂಥ ಧ್ವನಿಯೇ ಬರುತ್ತದೆ, ಎಲ್ಲರೂ ನನ್ನನ್ನು ಮೆಲುಮಾತಿನವಳು, ಪಾಪದವಳು ಎನ್ನುತ್ತಾರೆ. ಅದನ್ನು ಹೊಗಳಿಕೆ ಎಂದುಕೊಂಡು ಹೇಳುತ್ತಾರೆ. ಪ್ರತಿ ಸಲ ಕೇಳಿದಾಗಲೂ ನನಗೆ ಯಾರೋ ಮನೆ ದೋಚಿಕೊಂಡು ಹೋದ ಹಾಗೆ ಆಗುತ್ತದೆ, ಯಾರೆಂದೂ ಗೊತ್ತಿದೆ.